ಅಕ್ಷಯಪಾತ್ರೆಯ ಲೆಕ್ಕ: ಕಥಾಲೋಕದ ಮಾಯಾವಸ್ತುಗಳೂ ಅಲ್ಲಿಯ ಅರ್ಥವ್ಯವಸ್ಥೆಯೂ

ವಾಸ್ಕೋ ಪಟ್ಟಣದ ನೆತ್ತಿಯ ಮೇಲಿರುವ ಮಂಗೋರ್ ಹಿಲ್‌ನಲ್ಲಿ ಸಂಜೆಯ ಹೊತ್ತು ಕೆಲವು ಮಕ್ಕಳಿಗೆ ಕನ್ನಡ ಓದಿಸುವ ಕೆಲಸವನ್ನು ನಾನು ಮಾಡಿಕೊಂಡು ಬಂದಿದ್ದೇನೆ. ಮಕ್ಕಳ ತಂದೆತಾಯಿಗಳು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಗಳಿಂದ ದುಡಿಮೆಗಾಗಿ ಬಂದವರು. ಒಂದು ದಿನ ವನಪರ್ವದ ಕಥೆಯನ್ನು ಹೇಳುತ್ತ ಸೂರ್ಯನು ಧರ್ಮರಾಯನಿಗೆ ಅಕ್ಷಯಪಾತ್ರೆಯನ್ನು ಕೊಟ್ಟ ಪ್ರಸಂಗಕ್ಕೆ ಬಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ, ಅಂಥಾ ಪಾತ್ರಿ ಕೈಯಾಗ ಇದ್ದಮ್ಯಾಲೆ ಪಾಂಡವರು ಖಾನಾವಳಿ ಯಾಕ ತೆಗೀಲಿಲ್ಲರಿ?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಹುಡುಗ ನಗಲಿಲ್ಲ. ಅವನ ತಾಯಿ ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿದು, ಎಣಿಸಿ, ಖಾನಾವಳಿಗೆ ಕೊಟ್ಟು ಸಂಸಾರ ನಡೆಸುವವಳು. ಒಂದು ರೊಟ್ಟಿಗೆ ಎಷ್ಟು ಹಿಟ್ಟು, ಎಷ್ಟು ಉರಿ, ಎಷ್ಟು ಬೆಲೆ ಎಂಬುದು ಅವನಿಗೆ ಕರಗತವಾದ ವಿದ್ಯೆ. ಅವನು ಕೇಳಿದ್ದು ವಿನೋದದ ಪ್ರಶ್ನೆಯಲ್ಲ. ನಮ್ಮ ಕಾವ್ಯವಿಮರ್ಶೆಯು ಬಹುಮಟ್ಟಿಗೆ ಕೇಳದೆ ಬಿಟ್ಟ ಪ್ರಶ್ನೆ. ಮಾಯಾವಸ್ತುಗಳನ್ನು ಕುರಿತು ನಾವು ಎರಡೇ ಬಗೆಯಲ್ಲಿ ಮಾತನಾಡುತ್ತೇವೆ. ಭಕ್ತರಾದವರು ಅದನ್ನು ದೇವರ ಮಹಿಮೆ ಎನ್ನುತ್ತಾರೆ. ವಿಚಾರವಾದಿಗಳಾದವರು ಕೆಲಸಕ್ಕೆ ಬಾರದ ಕಟ್ಟುಕಥೆ ಎನ್ನುತ್ತಾರೆ. ಈ ಎರಡು ಮಾತುಗಳೂ ಕಥೆಯನ್ನು ಓದದೆ ಆಡಿದ ಮಾತುಗಳೆಂದೇ ನನ್ನ ಅಭಿಪ್ರಾಯ. ಮಾಯಾವಸ್ತು ಕಥೆಯೊಳಗೆ ಕಾಲಿಟ್ಟೊಡನೆ ಅಲ್ಲಿಯ ಕೊಳ್ಳುಕೊಡೆ, ಕೂಲಿ, ಬೆಲೆ, ಒಡೆತನ ಎಲ್ಲವೂ ಅಲುಗಾಡುತ್ತವೆ. ಕಥೆಗಾರನು ಆ ಅಲುಗಾಟವನ್ನು ಹೇಗೆ ನಿಭಾಯಿಸುತ್ತಾನೆ ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

1. ಬೆಲೆ ಕಟ್ಟುವ ಪ್ರಯತ್ನ

ಮಾಯಾವಸ್ತುವಿಗೆ ಬೆಲೆ ಕಟ್ಟಲು ಹೊರಟ ಅತ್ಯಂತ ಪ್ರಸಿದ್ಧ ಪ್ರಸಂಗ ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿದೆ. ವಿಶ್ವಾಮಿತ್ರನು ಸೇನಾಸಮೇತನಾಗಿ ವಸಿಷ್ಠರ ಆಶ್ರಮಕ್ಕೆ ಬರುತ್ತಾನೆ. ಶಬಲೆಯೆಂಬ ಹೋಮಧೇನು ಇಡೀ ಸೈನ್ಯಕ್ಕೆ ಮೃಷ್ಟಾನ್ನವನ್ನು ಕರೆಯುತ್ತದೆ. ಅರಸನು ಆಗ ಮಾಡುವುದು ನೇರವಾದ ವ್ಯಾಪಾರ. ಮೊದಲ ಸವಾಲು ಒಂದು ಲಕ್ಷ ಹಸು. ವಸಿಷ್ಠರು ಒಲ್ಲೆನೆಂದಾಗ ಅವನು ಸವಾಲನ್ನು ಏರಿಸುತ್ತಾನೆ: 14,000 ಆನೆ, 800 ರಥ, 11,000 ಕುದುರೆ, ಒಂದು ಕೋಟಿ ಹಸು. ಇದರ ಜತೆಗೆ, ನಾಡಿನ ರತ್ನವೆಲ್ಲ ರಾಜನಿಗೇ ಸಲ್ಲತಕ್ಕದ್ದು ಎಂಬ ಕಾನೂನಿನ ವಾದವನ್ನೂ ಹೂಡುತ್ತಾನೆ. ವಸಿಷ್ಠರ ಉತ್ತರವು ಅರ್ಥಶಾಸ್ತ್ರದ ದೃಷ್ಟಿಯಿಂದ ಗಮನಾರ್ಹವಾದುದು. ಹವ್ಯ, ಕವ್ಯ, ದಿನದ ಜೀವನ ಎಲ್ಲವೂ ಈ ಹಸುವನ್ನೇ ಅವಲಂಬಿಸಿವೆ ಎನ್ನುತ್ತಾರೆ. ಅಂದರೆ ಅವರು ಬೆಲೆ ಸಾಲದೆಂದು ಹೇಳಲಿಲ್ಲ; ಇದು ಸರಕೇ ಅಲ್ಲವೆಂದು ಹೇಳಿದರು. ಸರಕಲ್ಲದುದನ್ನು ಸರಕು ಮಾಡಹೊರಟ ಮೇಲೆ ಉಳಿಯುವುದು ಬಲಾತ್ಕಾರವೊಂದೇ. ಕಥೆಯೂ ಯುದ್ಧದ ಹಾದಿಯನ್ನೇ ಹಿಡಿಯುತ್ತದೆ.

ಇದೇ ತಿರುಳು ಜಮದಗ್ನಿ ಮತ್ತು ಕಾರ್ತವೀರ್ಯರ ಕಥೆಯಲ್ಲಿದೆ. ಅಲ್ಲಿಯೂ ಹಸುವಿಗಾಗಿಯೇ ಆಶ್ರಮ ಹಾಳಾಯಿತು. ಸವದತ್ತಿಯ ಎಲ್ಲಮ್ಮನ ಹೆಸರನ್ನು ದಿನವೂ ನೆನೆಯುವ ನಮ್ಮ ಮಕ್ಕಳ ಮನೆಗಳಲ್ಲಿ ಈ ಕಥೆ ಪುಸ್ತಕದಿಂದ ಬಂದದ್ದಲ್ಲ. ಅಜ್ಜಿಯ ಬಾಯಿಂದ ಬಂದದ್ದು.

ಎರಡನೆಯ ನಿದರ್ಶನ ಸ್ಯಮಂತಕ ಮಣಿ. ಚೌತಿಯ ಚಂದ್ರನನ್ನು ನೋಡಿದವರು ಅಪವಾದ ಪರಿಹಾರಕ್ಕಾಗಿ ಕೇಳುವ ಕಥೆ ಇದು. ಮಣಿಯು ದಿನವೊಂದಕ್ಕೆ ಎಂಟು ಭಾರ ಚಿನ್ನವನ್ನು ಸುರಿಸುತ್ತದೆ. ಅದು ಅರಸನಾದ ಉಗ್ರಸೇನನ ಬಳಿ ಇರಲೆಂದು ಕೃಷ್ಣನು ಸೂಚಿಸಿದರೆ ಸತ್ರಾಜಿತನು ಕೊಡುವುದಿಲ್ಲ. ಮುಂದೆ ಪ್ರಸೇನ ಸತ್ತ, ಸಿಂಹ ಸತ್ತಿತು, ಕೃಷ್ಣನಿಗೆ ಕಳವಿನ ಅಪವಾದ ತಟ್ಟಿತು, ಕೊನೆಗೆ ಸತ್ರಾಜಿತನೂ ಹತನಾದ. ಮಣಿ ಕೈಯಿಂದ ಕೈಗೆ ದಾಟಿದ ಬಗೆಯನ್ನು ಗಮನಿಸಿರಿ. ಒಮ್ಮೆಯೂ ಅದು ಮಾರಾಟವಾಗಲಿಲ್ಲ. ಕೊಲೆ, ಕಳವು, ಕಾಣಿಕೆ, ನ್ಯಾಸ, ಈ ನಾಲ್ಕೇ ದಾರಿಗಳಲ್ಲಿ ಅದರ ಸಂಚಾರ.

ಆದರೆ ಇಲ್ಲಿ ವಿಮರ್ಶಕನು ಒಂದು ಕೊರತೆಯನ್ನು ಎತ್ತಿ ತೋರಿಸಲೇಬೇಕು. ದಿನವೂ ಎಂಟು ಭಾರ ಚಿನ್ನ ಬಿದ್ದ ಮೇಲೆ ದ್ವಾರಕೆಯ ಪೇಟೆಯಲ್ಲಿ ಚಿನ್ನದ ಬೆಲೆ ಏನಾಯಿತು? ಅಕ್ಕಿ ಮಾರುವವನು ಮೊದಲಿನ ಬೆಲೆಗೇ ಅಕ್ಕಿ ಕೊಟ್ಟನೆ? ಪುರಾಣ ಈ ಬಗ್ಗೆ ಮೌನವಾಗಿದೆ. ಇತಿಹಾಸದಲ್ಲಿ ಹೀಗೆ ನಡೆದಾಗ ಆದದ್ದೇನೆಂಬುದು ನಮಗೆ ಗೊತ್ತು. 1324ರಲ್ಲಿ ಮಾಲಿ ದೇಶದ ಅರಸ ಮಾನ್ಸಾ ಮೂಸಾ ಮೆಕ್ಕಾ ಯಾತ್ರೆಯ ದಾರಿಯಲ್ಲಿ ಕೈರೋ ನಗರದಲ್ಲಿ ಚಿನ್ನವನ್ನು ಧಾರಾಳವಾಗಿ ಚೆಲ್ಲಿದನು. ಆ ನಗರದಲ್ಲಿ ಹಲವು ವರ್ಷಗಳ ಕಾಲ ಚಿನ್ನದ ಬೆಲೆ ಇಳಿದೇ ಇತ್ತು. ಪುರಾಣಕಾರನು ಒಡೆತನದ ಜಗಳವನ್ನು ಕಂಡಷ್ಟು ಸ್ಪಷ್ಟವಾಗಿ ಪೇಟೆಯ ಏರುಪೇರನ್ನು ಕಾಣಲಿಲ್ಲ.

2. ಮಿತಿಯೇ ಜೀವಾಳ

ಇನ್ನು ಅಕ್ಷಯಪಾತ್ರೆಗೆ ಬರೋಣ. ಹೆಸರೇನೋ ಅಕ್ಷಯ, ಆದರೆ ಅದಕ್ಕಿರುವ ಕಟ್ಟುಗಳು ಎಷ್ಟು! ಅವಧಿ ಹನ್ನೆರಡು ವರ್ಷ. ದಿನಕ್ಕೆ ದ್ರೌಪದಿಯ ಊಟವಾಗುವವರೆಗೆ ಮಾತ್ರ ಅನ್ನ. ಎಲ್ಲರಿಗೂ ಬಡಿಸಿದ ಮೇಲೆಯೇ ಅವಳ ಊಟ. ಹೀಗಾಗಿ ಪಾತ್ರೆಯ ಬಾಗಿಲು ಹಾಕುವ ಕೀಲಿಯು ಎಲ್ಲರಿಗಿಂತ ಕೊನೆಗೆ ಉಣ್ಣುವ ಹೆಣ್ಣಿನ ಹಸಿವಿನಲ್ಲಿದೆ. ಅನ್ನವನ್ನು ಕೂಡಿಡಲು ಬರುವಂತಿಲ್ಲ; ಅದು ಆ ಹೊತ್ತಿನ ಅನ್ನ. ಕೂಡಿಡಲು ಬಾರದುದರಿಂದ ಬಂಡವಾಳವಾಗುವುದಿಲ್ಲ. ಬಂಡವಾಳವಾಗದುದರಿಂದ ಖಾನಾವಳಿಯೂ ಏಳುವುದಿಲ್ಲ.

ದುರ್ವಾಸನು ಹತ್ತು ಸಾವಿರ ಶಿಷ್ಯರೊಡನೆ ಬಂದ ಪ್ರಸಂಗವನ್ನು ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯು ಮೂಲಪಾಠದಲ್ಲಿ ಸೇರಿಸಿಲ್ಲ. ಅದು ಅನಂತರದ ಸೇರ್ಪಡೆಯೆಂಬುದು ಸಂಪಾದಕರ ನಿರ್ಣಯ. ಸೇರ್ಪಡೆಯೇ ಆಗಿದ್ದರೂ ಅದು ಬಲು ಅರ್ಥಪೂರ್ಣ. ಮೊದಲ ಕಥೆಗಾರನು ನಿಯಮವನ್ನು ಹೇಳಿ ಸುಮ್ಮನಾದ. ಮುಂದಿನ ಕಥೆಗಾರನಿಗೆ ಆ ನಿಯಮ ಮುರಿಯುವ ಅಂಚಿನಲ್ಲಿ ಏನಾಗುತ್ತದೆಂದು ನೋಡುವ ಆಸೆ ಹುಟ್ಟಿತು. ಪಾತ್ರೆಯ ಅಂಚಿಗೆ ಅಂಟಿದ್ದ ಒಂದು ಎಸಳು ಸೊಪ್ಪು ಅಲ್ಲಿ ಹತ್ತು ಸಾವಿರ ಜನರ ಊಟಕ್ಕೆ ಸಮವಾಗುತ್ತದೆ. ಮಾಯಾವಸ್ತುವಿನ ಸಾಮರ್ಥ್ಯದಲ್ಲಿ ರಸವಿಲ್ಲ, ಅದರ ಮಿತಿಯಲ್ಲಿ ರಸವಿದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎಲ್ಲಮ್ಮನ ಜನಪದ ಕಥೆಯಲ್ಲಿ ಇದೇ ತತ್ತ್ವ ಇನ್ನೂ ಸೂಕ್ಷ್ಮವಾಗಿದೆ. ರೇಣುಕೆಯು ಹೊಳೆಯ ಮರಳಿನಿಂದಲೇ ದಿನವೂ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಾಳೆ. ಆ ಕೊಡವನ್ನು ಬೇರೆಯವರು ಕೊಳ್ಳಬಲ್ಲರೆ? ಕೊಂಡರೆ ಅದು ಹಿಡಿ ಮರಳು. ಇಲ್ಲಿ ಮಾಯೆ ವಸ್ತುವಿನಲ್ಲಿಲ್ಲ, ವ್ಯಕ್ತಿಯಲ್ಲಿದೆ. ಆದರೆ ಇದರ ಮತ್ತೊಂದು ಮುಖವನ್ನೂ ಮರೆಯಬಾರದು. ಮನಸ್ಸು ಕ್ಷಣಕಾಲ ಚಂಚಲವಾದೊಡನೆ ಕೊಡ ಕರಗುತ್ತದೆ. ಕೊಡ ಕರಗಿದ್ದಕ್ಕೆ ಅವಳ ತಲೆಯೇ ಹೋಗುತ್ತದೆ. ನೀರು ಹೊರುವವಳ ಮನಸ್ಸಿನ ಮೇಲೂ ಲೆಕ್ಕವಿಡುವ ಈ ಮನೆತನದ ಅರ್ಥವ್ಯವಸ್ಥೆಯನ್ನು ಮೆಚ್ಚಿ ಕೊಂಡಾಡುವುದು ನನ್ನಿಂದಾಗದು.

ಕರ್ಣನ ಕವಚಕುಂಡಲಗಳ ಪ್ರಸಂಗ ಬೇರೊಂದು ಬಗೆಯದು. ಜೀವವಿರುವತನಕ ಕಾಯುವ ಕವಚವನ್ನು ಕೊಟ್ಟು ಒಂದೇ ಸಲ ಉಪಯೋಗಿಸಬಹುದಾದ ಶಕ್ತ್ಯಾಯುಧವನ್ನು ಅವನು ಇಂದ್ರನಿಂದ ಪಡೆಯುತ್ತಾನೆ. ವ್ಯಾಪಾರಿಯ ಕಣ್ಣಿಗೆ ಇದು ಶುದ್ಧ ನಷ್ಟ. ಅರ್ಜುನನಿಗಾಗಿ ಕಾದಿಟ್ಟ ಆ ಒಂದು ಸಲವೂ ಘಟೋತ್ಕಚನ ಮೇಲೆ ವ್ಯಯವಾಗುತ್ತದೆ. ದಾನವೆಂದು ನಾವು ಹಾಡಿ ಹೊಗಳುವ ಈ ಘಟನೆಯಲ್ಲಿ ಒಂದು ಕ್ರಯವಿಕ್ರಯವೂ ಅಡಗಿದೆ ಎಂಬುದನ್ನು ಪಾಠ ಹೇಳುವಾಗ ಮರೆಮಾಚುವುದು ಸರಿಯಲ್ಲ. ದಾನವೂ ಹೌದು, ವಿನಿಮಯವೂ ಹೌದು ಎಂಬಲ್ಲಿಯೇ ಕರ್ಣನ ದುರಂತದ ಕಹಿ ಇದೆ.

3. ದಾನದ ದಾರಿ, ಮಾರಾಟದ ದಾರಿ

ಬತ್ತೀಸ ಪುತ್ಥಳಿಯ ಕಥೆಗಳನ್ನು ಓದದ ಕನ್ನಡಿಗರು ಹಿಂದಿನ ತಲೆಮಾರಿನಲ್ಲಿ ವಿರಳ. ಸಮುದ್ರರಾಜನು ವಿಕ್ರಮಾದಿತ್ಯನಿಗೆ ನಾಲ್ಕು ರತ್ನಗಳನ್ನು ಕಳಿಸುತ್ತಾನೆ. ಒಂದು ಹಣ ಕೊಡುವುದು. ಒಂದು ಅನ್ನ ಕೊಡುವುದು. ಒಂದು ಸೈನ್ಯ ಕೊಡುವುದು. ಒಂದು ಒಡವೆ ಕೊಡುವುದು. ತಂದುಕೊಟ್ಟ ಬ್ರಾಹ್ಮಣನಿಗೆ ಒಂದನ್ನು ಆರಿಸಿಕೊಳ್ಳೆನ್ನಲು ಅವನ ಮನೆಯಲ್ಲಿ ಗಂಡ, ಹೆಂಡತಿ, ಮಗ, ಸೊಸೆ ನಾಲ್ವರೂ ನಾಲ್ಕನ್ನು ಬಯಸಿ ಜಗಳವಾಡುತ್ತಾರೆ. ಇದನ್ನು ಕೇಳಿದ ಅರಸ ನಾಲ್ಕನ್ನೂ ಕೊಟ್ಟುಬಿಡುತ್ತಾನೆ. ಈ ಕಥಾಮಾಲೆಯ ಸೂತ್ರವೇ ಇದು. ಮಾಯಾವಸ್ತು ಬಂದಷ್ಟೇ ಬೇಗ ಅರಸನ ಕೈಬಿಟ್ಟು ಹೋಗಬೇಕು. ಅರಸನ ಬೊಕ್ಕಸದಲ್ಲಿ ನಿಂತರೆ ಅದು ಅಧಿಕಾರ. ಕೈಬಿಟ್ಟರೆ ಅದು ಕೀರ್ತಿ.

ಆದರೂ ಈ ಕಥೆಗಳ ದೌರ್ಬಲ್ಯವನ್ನು ಹೇಳದೆ ವಿಧಿಯಿಲ್ಲ. ಇಲ್ಲಿ ಕೊಡುವವನುಂಟು, ಪಡೆಯುವವನುಂಟು; ದುಡಿಯುವವನು ಮಾತ್ರ ಅಪರೂಪ. ನಾಲ್ಕು ರತ್ನ ಮನೆಗೆ ಬಂದ ಮರುದಿನ ಆ ಬ್ರಾಹ್ಮಣನ ಕೇರಿಯ ಕುಂಬಾರ, ಒಕ್ಕಲಿಗ, ಅಕ್ಕಸಾಲಿಗರ ಗತಿ ಏನೆಂದು ಗೊಂಬೆಗಳು ಹೇಳುವುದಿಲ್ಲ.

ಈ ಕೊರತೆಯನ್ನು ತುಂಬಿಕೊಟ್ಟದ್ದು ಅಕ್ಷರ ಬಾರದ ಹೆಣ್ಣುಮಕ್ಕಳ ಬಾಯಿಯ ಕಥೆ. ಎ. ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂಬಿಡುವ ಮರವಾಗುವ ಹುಡುಗಿಯ ಕಥೆಯು ಅವರು 1993ರಲ್ಲಿ ತೀರಿಕೊಂಡ ಮೇಲೆ 1997ರಲ್ಲಿ ಇಂಗ್ಲಿಷ್ ಸಂಕಲನವಾಗಿ ಹೊರಬಂದ ಜನಪದ ಕಥೆಗಳಲ್ಲಿ ಸೇರಿದೆ. ಕೂಲಿ ಮಾಡಿ ಬಳಲಿದ ಬಡತಾಯಿಯನ್ನು ಕಂಡು ಕಿರಿಯ ಮಗಳು ಅಕ್ಕನಿಗೆ ಹೇಳುತ್ತಾಳೆ: ನಾನು ಮರವಾಗುವೆ, ಉಗುರು ತಾಗದ ನೀರನ್ನು ಹೊಯ್ಯಬೇಕು, ಟೊಂಗೆ ಮುರಿಯದಂತೆ ಹೂ ಬಿಡಿಸಬೇಕು. ಹೂ ಅರಮನೆಯಲ್ಲಿ ಮಾರಾಟವಾಗುತ್ತದೆ, ಮನೆಗೆ ಹಣ ಬರುತ್ತದೆ. ಮುಂದೆ ರಾಜಕುಮಾರನು ಅವಳನ್ನೇ ಮದುವೆಯಾಗುತ್ತಾನೆ. ನಾದಿನಿಯು ಗೆಳತಿಯರ ಮುಂದೆ ಮೋಜಿಗಾಗಿ ಮರ ಮಾಡಿಸಿ, ನಿಯಮ ತಪ್ಪಿಸಿ, ಟೊಂಗೆ ಮುರಿದು ಅವಳನ್ನು ಅರೆದೇಹದ ಮುದ್ದೆಯಾಗಿಸುತ್ತಾಳೆ.

ನಾನು ಕಂಡ ಮಾಯಾವಸ್ತುವಿನ ಕಥೆಗಳಲ್ಲಿ ಇದರಷ್ಟು ಕಟುವಾದ ಆರ್ಥಿಕ ಸತ್ಯವನ್ನು ಹೇಳಿದ ಕಥೆ ಇನ್ನೊಂದಿಲ್ಲ. ಇಲ್ಲಿ ಮಾಯಾವಸ್ತುವೆಂದರೆ ದುಡಿಯುವವಳ ಮೈಯೇ. ಹೂ ಕೊಳ್ಳುವವರಿಗೆ ಮರ ಕಾಣುವುದಿಲ್ಲ. ಮರ ನೋಡುವವರಿಗೆ ಹುಡುಗಿ ಕಾಣುವುದಿಲ್ಲ. ಅಕ್ಕನು ಎಚ್ಚರದಿಂದ ನೀರೆರೆದಾಗ ಅದು ಜೀವನೋಪಾಯ. ನಾದಿನಿಯು ಮೋಜಿಗೆ ಬಳಸಿದಾಗ ಅದೇ ವಿದ್ಯೆ ಅಂಗಭಂಗ. ವಿದ್ವಾಂಸರು ಈ ಕಥೆಯನ್ನು ಸ್ತ್ರೀತ್ವದ ರೂಪಕವೆಂದು ಓದಿದ್ದಾರೆ. ಅದು ಸರಿಯಾದ ಓದು. ಅದರ ಜತೆಗೆ ಕೂಲಿಯ ರೂಪಕವೆಂದೂ ಓದಬೇಕೆಂಬುದು ನನ್ನ ವಿನಂತಿ.

4. ಆಟದ ಲೋಕದ ಪೇಟೆ

ಈಗ ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಆಟಗಳ ಕಡೆಗೆ ತಿರುಗೋಣ. ಇವನ್ನು ಬರಿಯ ಕಾಲಹರಣವೆಂದು ತಳ್ಳಿಹಾಕುವ ಅಧ್ಯಾಪಕರು ಇದ್ದಾರೆ. ಆದರೆ ಇವೂ ಕಥಾಲೋಕಗಳೇ. ಇವುಗಳ ಪೂರ್ವಜರಲ್ಲೊಂದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನ ಆಟ. ಆಟಗಾರರು ಗುಹೆ ಹೊಕ್ಕು, ರಾಕ್ಷಸರನ್ನು ಕೊಂದು, ಚಿನ್ನವನ್ನೂ ಮಂತ್ರದ ಕತ್ತಿಗಳನ್ನೂ ಹೊತ್ತು ಊರಿಗೆ ಬರುತ್ತಾರೆ. ಇಲ್ಲಿ ಪುರಾಣಕಾರನು ಬಿಟ್ಟ ಪ್ರಶ್ನೆಯನ್ನು ಆಟ ಕಟ್ಟಿದವರು ಬಿಡುವಂತಿರಲಿಲ್ಲ. ಯಾಕೆಂದರೆ ಆಟಗಾರನು ಸುಮ್ಮನೆ ಕೇಳುವವನಲ್ಲ. ತಂದ ಕತ್ತಿಯನ್ನು ಮಾರುತ್ತೇನೆ ಎಂದುಬಿಡುತ್ತಾನೆ. 1978ರ ನಿಯಮಗ್ರಂಥದಲ್ಲಿ ಗೈಗ್ಯಾಕ್ಸ್, ಅಲ್ಲಿಯ ದುಬಾರಿ ಬೆಲೆಗಳನ್ನು ಅಲಾಸ್ಕಾದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಕಾಲದ ಊರುಗಳ ಬೆಲೆಗಳಿಗೆ ಹೋಲಿಸಿ ಸಮರ್ಥಿಸಿದನು. ದ್ವಾರಕೆಯ ಬಗ್ಗೆ ನಾವು ಕೇಳಿದ ಪ್ರಶ್ನೆಗೆ ಇದು ಉತ್ತರ.

2000ದಲ್ಲಿ ಬಂದ ಮೂರನೆಯ ಆವೃತ್ತಿಯು ಪ್ರತಿ ಮಾಯಾವಸ್ತುವಿಗೂ ಬೆಲೆಪಟ್ಟಿ ಕಟ್ಟಿತು. ತಯಾರಿಕೆಯ ಖರ್ಚು ಪೇಟೆ ಬೆಲೆಯ ಅರ್ಧ; ಮೇಲಾಗಿ ತಯಾರಿಸುವವನು ತಾನು ಗಳಿಸಿದ ಅನುಭವದ ಒಂದು ಪಾಲನ್ನೂ ತೆರಬೇಕು. ಅತಿ ಚಿಕ್ಕ ಹಳ್ಳಿಯಲ್ಲಿ 40 ಚಿನ್ನದ ನಾಣ್ಯಕ್ಕಿಂತ ದುಬಾರಿಯಾದದ್ದು ಸಿಕ್ಕದು. ಮಹಾನಗರದಲ್ಲಿ ಮಿತಿ 1 ಲಕ್ಷ. 2014ರ ಐದನೆಯ ಆವೃತ್ತಿಯು ಈ ಪೇಟೆಯಿಂದ ಹಿಂದೆ ಸರಿದು, ಇಂಥ ವಸ್ತುಗಳು ಸಾಮಾನ್ಯವಾಗಿ ಅಂಗಡಿಯಲ್ಲಿ ದೊರೆಯತಕ್ಕವಲ್ಲ ಎಂದಿತು. ಅಂದರೆ ಬಹಳ ಸುತ್ತಿ ಬಳಸಿ ವಸಿಷ್ಠರ ಉತ್ತರಕ್ಕೇ ಬಂದಿತು. ಆದರೂ ಅತ್ಯುಚ್ಚ ದರ್ಜೆಯ ವಸ್ತುವಿನ ಬೆಲೆ 50,000 ಚಿನ್ನದ ನಾಣ್ಯಗಳಿಗೂ ಮೇಲೆ ಎಂಬ ಅಂದಾಜನ್ನು ಅದು ಉಳಿಸಿಕೊಂಡಿದೆ. ಅದೇ ಆಟದಲ್ಲಿ ಸಾಮಾನ್ಯ ಕೂಲಿಯವನ ದಿನಗೂಲಿ 2 ಬೆಳ್ಳಿ ನಾಣ್ಯ. ಹತ್ತು ಬೆಳ್ಳಿಗೆ ಒಂದು ಚಿನ್ನ. ಲೆಕ್ಕ ಹಾಕಿದರೆ ಆ ಒಂದು ವಸ್ತು ಕೂಲಿಯವನ 2,50,000 ದಿನಗಳ ದುಡಿಮೆ, ಅಂದರೆ ಒಂದು ದಿನವೂ ಬಿಡದೆ ದುಡಿದರೆ ಸುಮಾರು 685 ವರ್ಷ. ಈ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಹಲಗೆಯ ಮೇಲೆ ಮಾಡಿಸಿದೆ. ಉತ್ತರ ಬಂದಾಗ ತರಗತಿ ಸದ್ದಿಲ್ಲದೆ ಕುಳಿತಿತು.

ಬಹುಜನ ಒಟ್ಟಿಗೆ ಆಡುವ ಕಂಪ್ಯೂಟರ್ ಆಟಗಳು ಬಂದ ಮೇಲೆ ಗೋಡೆ ಇನ್ನೂ ತೆಳುವಾಯಿತು. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞ 'ಎವರ್‌ಕ್ವೆಸ್ಟ್' ಆಟದ ನೋರಾತ್ ಎಂಬ ಕಲ್ಪಿತ ಲೋಕವನ್ನು ಅಧ್ಯಯನ ಮಾಡಿದನು. ಅಲ್ಲಿಯ ವಸ್ತುಗಳನ್ನು ಜನ ಹೊರಗಿನ ನಿಜವಾದ ಡಾಲರಿಗೆ ಮಾರುತ್ತಿದ್ದರು. ಅದರ ಮೇಲಿಂದ ಅವನು ಹಾಕಿದ ಲೆಕ್ಕದಂತೆ, ಇಲ್ಲದ ಆ ದೇಶದ ತಲಾ ಉತ್ಪನ್ನ ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ನಿಂತಿತ್ತು. ಇಂದು ನಮ್ಮ ಗುಡ್ಡದ ಹುಡುಗನೊಬ್ಬ ತಂದೆಯ ಒಂದು ದಿನದ ಪಗಾರವನ್ನು ಆಟದ ಕತ್ತಿಯ ಬಣ್ಣಕ್ಕಾಗಿ ಕೊಟ್ಟು, ಮನೆಯಲ್ಲಿ ಏಟು ತಿಂದು, ಪಾಠಕ್ಕೆ ಬಾರದೆ ಕುಳಿತದ್ದನ್ನು ನಾನು ಕಂಡಿದ್ದೇನೆ. ಸ್ಯಮಂತಕವು ಚಿನ್ನ ಸುರಿಸುತ್ತಿತ್ತು. ಈ ಮಣಿಗೆ ನಾವೇ ಚಿನ್ನ ಸುರಿಯಬೇಕು. ಮಾಯಾವಸ್ತುವಿನ ದಿಕ್ಕೇ ತಿರುಗಿದೆ ಎಂಬುದು ಈ ಕಾಲದ ವಿಶೇಷ.

5. ಚಂದಯ್ಯನ ಹಗ್ಗ

ಹಾಗಾದರೆ ಮಾಯೆಯನ್ನೂ ನ್ಯಾಯವಾದ ಬೆಲೆಯನ್ನೂ ಒಟ್ಟಿಗೆ ಹಿಡಿದ ಕಥೆ ನಮ್ಮಲ್ಲಿಲ್ಲವೆ? ಇದೆ. ಅದು ವಿಜಯಪುರ ಜಿಲ್ಲೆಯ ಶಿವಣಗಿಯ ನುಲಿಯ ಚಂದಯ್ಯನದು. ಹುಲ್ಲು ಕೊಯ್ದು ಹಗ್ಗ ಹೊಸೆಯುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿತ್ತು. ಅವನು ತಿರುಗಿಯೂ ನೋಡದೆ ಕೆಲಸ ಮುಂದುವರಿಸಿದ. ಲಿಂಗವೇ ಬೆನ್ನು ಹತ್ತಿ ಬಂದಿತು. ಮಡಿವಾಳ ಮಾಚಯ್ಯನ ಮಧ್ಯಸ್ಥಿಕೆಯಿಂದ ಚಂದಯ್ಯ ಅದನ್ನು ಒಪ್ಪಿಕೊಂಡನಾದರೂ ಅದಕ್ಕೂ ಒಂದು ಕೆಲಸ ಹಚ್ಚಿದ: ಹಗ್ಗ ಮಾರಿಕೊಂಡು ಬಾ. ಬಸವಣ್ಣನವರು ಭಕ್ತಿಯಿಂದ ಸಲ್ಲುವುದಕ್ಕಿಂತ ಎಷ್ಟೋ ಹೆಚ್ಚಿನ ಹೊನ್ನನ್ನು ಕೊಟ್ಟರೆ ಚಂದಯ್ಯ ಸಂತೋಷಪಡಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆ ಸಾಕೆಂದು ಹಟ ಹಿಡಿದ.

ಇದರ ತಾತ್ಪರ್ಯವನ್ನು ನೋಡಿರಿ. ಸಾಕ್ಷಾತ್ ದೇವರೇ ಮಾಯಾವಸ್ತುವಾಗಿ ಕೈಗೆ ಬಂದಾಗ ಬೇರೆ ಕಥಾನಾಯಕರು ವರ ಬೇಡುತ್ತಿದ್ದರು. ಇವನು ಅದನ್ನು ಪೇಟೆಗೆ ಕಳಿಸಿದ, ಅದೂ ಪೇಟೆಯ ಧಾರಣೆಯನ್ನು ಮೀರಬಾರದೆಂಬ ಕಟ್ಟಿನೊಡನೆ. ವಿಶ್ವಾಮಿತ್ರನು ಬೆಲೆಯಿಲ್ಲದುದಕ್ಕೆ ಬೆಲೆ ಕಟ್ಟಹೋದನು. ಚಂದಯ್ಯನು ಬೆಲೆಯುಳ್ಳ ಹಗ್ಗದ ಮೇಲೆ ಮಹಿಮೆಯ ಬೆಲೆ ಸೇರದಂತೆ ಕಾಯ್ದನು. ಶ್ರಮದ ಬೆಲೆಯನ್ನು ಕೃಪೆಯೂ ಕೆಡಿಸಬಾರದು ಎಂಬ ಈ ನಿಲುವು ನಮ್ಮ ಸಾಹಿತ್ಯದ ಹೆಮ್ಮೆಯ ಗಳಿಕೆಗಳಲ್ಲೊಂದು.

ಗೋವೆಯಲ್ಲಿ ಕುಳಿತು ಇದನ್ನು ಬರೆಯುವಾಗ ಮುರಗಾಂವ ಬಂದರು ನೆನಪಿಗೆ ಬರದೆ ಇರದು. ಈ ನಾಡಿನ ಕೆಂಪು ಗುಡ್ಡಗಳೂ ಒಂದು ಕಾಲಕ್ಕೆ ಅಕ್ಷಯಪಾತ್ರೆಯೆನಿಸಿದ್ದವು. 2010-11ರ ಸುಮಾರಿಗೆ ಇಲ್ಲಿಂದ ವರ್ಷಕ್ಕೆ 4 ಕೋಟಿ ಟನ್ನಿಗೂ ಮಿಕ್ಕಿ ಕಬ್ಬಿಣದ ಅದಿರು ಹೊರದೇಶಕ್ಕೆ ಹೋಗುತ್ತಿತ್ತು. 2012ರಲ್ಲಿ ಗಣಿಗಳು ನಿಂತವು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿತು. 2018ರಲ್ಲಿ ಗುತ್ತಿಗೆಗಳ ನವೀಕರಣವೇ ರದ್ದಾಗಿ ಮತ್ತೆ ಕೆಲಸ ನಿಂತಿತು. ಪಾತ್ರೆಗೆ ಮಿತಿಯನ್ನು ಮೊದಲೇ ಇಟ್ಟುಕೊಳ್ಳದವರಿಗೆ ಮಿತಿ ತಡವಾಗಿ, ಒರಟಾಗಿ ಬರುತ್ತದೆ. ಅದರ ಏಟು ಮೊದಲು ಬೀಳುವುದು ದಿನಗೂಲಿಯವನ ಬೆನ್ನಿಗೆ. 2020ರ ಜೂನ್ ತಿಂಗಳಲ್ಲಿ ರೋಗದ ಭಯದಿಂದ ಮಂಗೋರ್ ಹಿಲ್ ಅನ್ನು ಮುಚ್ಚಿದಾಗಲೂ ಆದದ್ದು ಇದೇ. ಒಂದು ದಿನದ ಕೂಲಿ ತಪ್ಪಿದರೆ ಪಾತ್ರೆಯ ತಳ ಕಾಣುವ ಮನೆಗಳು ಇಲ್ಲಿ ಹಲವು.

ಅಧ್ಯಾಪಕ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೆ. ಮಾಯಾವಸ್ತುವಿನ ಕಥೆಯನ್ನು ಹೇಳುವಾಗ ಮೂರು ಪ್ರಶ್ನೆಗಳನ್ನು ಮಕ್ಕಳಿಂದ ಕೇಳಿಸಬೇಕು: ಇದರ ಮಿತಿ ಯಾವುದು? ಇದನ್ನು ಮಾರಬಹುದೆ? ಇದು ಬಂದ ಮೇಲೆ ಯಾರ ದುಡಿಮೆಗೆ ಬೆಲೆ ಹೋಯಿತು? ಈ ಮೂರನ್ನು ಕೇಳಿದ ಮಗು ಪುರಾಣವನ್ನೂ ಚೆನ್ನಾಗಿ ಓದೀತು, ಕೈಯಲ್ಲಿರುವ ಆಟವನ್ನೂ ಎಚ್ಚರದಿಂದ ಆಡೀತು.

ಆ ಹುಡುಗನಿಗೆ ಉತ್ತರ ಕೊಡಲು ನನಗೆ ಒಂದು ವಾರ ಹಿಡಿಯಿತು. "ಪಾಂಡವರು ಖಾನಾವಳಿ ತೆಗೆದಿದ್ದರೆ ನಿಮ್ಮ ಅವ್ವನ ರೊಟ್ಟಿ ಯಾರು ಕೊಳ್ಳುತ್ತಿದ್ದರಪ್ಪ?" ಎಂದೆ. ಅವನು ತುಸು ಯೋಚಿಸಿ ಹೇಳಿದ: "ಹೌದಲ್ಲರಿ ಸರ. ಅದಕ್ಕ ದ್ರೌಪದಿ ಉಂಡಮ್ಯಾಲೆ ಬಂದ್ ಆಗತಿತ್ತೇನೊ. ಉಳಿದವರ ಒಲಿನೂ ಉರೀಬೇಕಲ್ಲ." ಇದಕ್ಕಿಂತ ಮೇಲಾದ ವಿಮರ್ಶೆಯನ್ನು ನಾನು ಬರೆಯಲಾರೆ.